ಇಂಡಿಯನ್ ಓಪನ್ ಗಾಲ್ಫ್: ಕ್ಯಾಡಿಗಳೂ ಗೆದ್ದ ಟ್ರೋಫಿ

ಬೆಂಗಳೂರು: ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ನಗರದೊಳಗೆ ಬರುವವರಿಗೆ ಸ್ಯಾಂಕಿ ರಸ್ತೆಯ ಬದಿಯಲ್ಲಿ ಕಾಣುವ ಹಸಿರು ಹಾಸು 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್‌ನದು. ನಗರದಲ್ಲಿ ಗಾಲ್ಫ್ ಅಷ್ಟು ಹಳೆಯದಾದರೂ, ದೇಶದ ಪ್ರಮುಖ ವೃತ್ತಿಪರ ಪಂದ್ಯಾವಳಿಯಾದ ಇಂಡಿಯನ್ ಓಪನ್ ಇಲ್ಲಿಗೆ ಬಂದದ್ದು 2012ರಲ್ಲಿ.

ಈ ಪಂದ್ಯಾವಳಿ ಆರಂಭವಾದದ್ದು 1964ರಲ್ಲಿ, ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ. ಅದಕ್ಕೆ ಪ್ರೇರಣೆಯಾದವರು ಬ್ರಿಟಿಷ್ ಓಪನ್ ಅನ್ನು ಒಟ್ಟು ಐದು ಬಾರಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಮೊದಲ ಪ್ರಶಸ್ತಿ ಅವರಿಗೇ ಸಂದಿತು. 1966 ಹಾಗೂ 1976ರಲ್ಲಿಯೂ ಅವರೇ ಗೆದ್ದರು. ನಡುವೆ 1965ರಲ್ಲಿ ಭಾರತದ ಪಿ.ಜಿ. ಸೇಥಿ ವಿಜೇತರಾದರು. ಸೇಥಿ ಹವ್ಯಾಸಿ ಆಟಗಾರರು. ಹವ್ಯಾಸಿಗೆ ಬಹುಮಾನದ ಹಣ ಪಡೆಯುವ ಅವಕಾಶವಿರಲಿಲ್ಲ.

ಆನಂತರ 26 ವರ್ಷ ಟ್ರೋಫಿ ಭಾರತೀಯರ ಕೈಗೆ ಸಿಗಲಿಲ್ಲ. 1981ರ ವಿಜೇತ ಅಮೆರಿಕದ ಪೇನ್ ಸ್ಟೀವರ್ಟ್ ಮುಂದೆ ಯು.ಎಸ್. ಓಪನ್ ಅನ್ನೂ ಎರಡು ಸಲ ಗೆದ್ದರು. 1991ರಲ್ಲಿ ಆ ಬರ ನೀಗಿಸಿದ ಅಲಿ ಶೇರ್ ಕ್ಯಾಡಿಯಾಗಿದ್ದವರು, ಅಂದರೆ ಆಟಗಾರರ ಚೀಲ ಹೊರುತ್ತಿದ್ದವರು. 1993ರಲ್ಲಿ ಅವರು ಮತ್ತೊಮ್ಮೆ ಗೆದ್ದರು. ಚೀಲ ಹೊತ್ತು ನಡೆಯುವವನಿಗೆ ಹುಲ್ಲಿನ ಇಳಿಜಾರು, ಗಾಳಿಯ ದಿಕ್ಕು ಕಣ್ಣಿಗೇ ಪರಿಚಿತವಾಗುತ್ತವೆ. ಇಲ್ಲದ್ದು ಸ್ವಂತ ಸ್ಟಿಕ್ ಮತ್ತು ಮೈದಾನದಲ್ಲಿ ಆಡುವ ಹಕ್ಕು ಮಾತ್ರ.

ಇದೇ ಹಾದಿಯಲ್ಲಿ ಬಂದವರು ಬೆಂಗಳೂರಿನ ಸಿ. ಮುನಿಯಪ್ಪ. ಕ್ಯಾಡಿಯಾಗಿ ದುಡಿದು ವೃತ್ತಿಪರರಾದ ಅವರು 2009ರಲ್ಲಿ ಗುರುಗ್ರಾಮದ ಡಿ.ಎಲ್.ಎಫ್. ಮೈದಾನದಲ್ಲಿ ಕೊರಿಯಾದ ಲೀ ಸಂಗ್ ಅವರನ್ನು ಪ್ಲೇಆಫ್‌ನಲ್ಲಿ ಸೋಲಿಸಿ ಟ್ರೋಫಿ ಎತ್ತಿದರು. ಏಷ್ಯನ್ ಟೂರ್‌ನಲ್ಲಿ ಅವರಿಗದು ಮೊದಲ ಗೆಲುವು. ಜ್ಯೋತಿ ರಾಂಧವಾ ಅವರ ಮೂರು ಗೆಲುವುಗಳಿಗೆ (2000, 2006, 2007) ದೊರೆತ ಪ್ರಚಾರ ಮುನಿಯಪ್ಪ ಅವರಿಗೆ ತವರಿನಲ್ಲಿಯೂ ದೊರೆಯಲಿಲ್ಲವೆನ್ನಬೇಕು.

ಮೂರು ವರ್ಷಗಳ ಬಳಿಕ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ನಡೆದ ಪಂದ್ಯಾವಳಿಯನ್ನು ಥಾಯ್ಲೆಂಡ್‌ನ ಥಾವರ್ನ್ ವಿರಾಚಂತ್ ಗೆದ್ದರು. ಅಲ್ಲಿಯೂ ಫಲಿತಾಂಶ ನಿರ್ಧಾರವಾದದ್ದು ಪ್ಲೇಆಫ್‌ನಲ್ಲಿ. ಸೋತವರು ಸ್ಕಾಟ್ಲೆಂಡ್‌ನ ರಿಚಿ ರಾಮ್ಸೆ.

2016 ಮತ್ತು 2017ರಲ್ಲಿ ಸತತವಾಗಿ ಗೆದ್ದ ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ಕೋಲ್ಕತದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಕೋವಿಡ್‌ನಿಂದಾಗಿ 2020ರಿಂದ 2022ರವರೆಗೆ ಪಂದ್ಯಾವಳಿ ನಡೆಯಲಿಲ್ಲ. ಚೌರಾಸಿಯಾ ಬಳಿಕ 2025ರವರೆಗೆ ಗೆದ್ದ ಐವರೂ ವಿದೇಶಿಯರು.