ಕಾರ್ಮಿಕ ಪರಿಹಾರ ಮತ್ತು ಆಡಳಿತ ಕಾನೂನಿನ ವಕೀಲರು: ಕಾರವಾರ, ಅಂಕೋಲಾ

ಕೆಲಸದಲ್ಲಿ ಗಾಯಗೊಂಡ ಅಥವಾ ಸತ್ತ ಕಾರ್ಮಿಕನ ಪರವಾಗಿ ಮಾಲೀಕನಿಂದಲೂ ವಿಮಾ ಕಂಪನಿಯಿಂದಲೂ ಪರಿಹಾರ ಕೇಳುವುದು ಒಂದು ವಕೀಲಿಕೆ. ಸರಕಾರಿ ಕಚೇರಿಯ ಆದೇಶವನ್ನು ನ್ಯಾಯಮಂಡಳಿಯಲ್ಲೋ ಹೈಕೋರ್ಟಿನಲ್ಲೋ ಪ್ರಶ್ನಿಸುವುದು ಇನ್ನೊಂದು. ದೊಡ್ಡ ನಗರಗಳಲ್ಲಿ ಇವೆರಡನ್ನೂ ಬೇರೆ ಬೇರೆ ವಕೀಲರು ನಡೆಸುವುದುಂಟು. ಉತ್ತರ ಕನ್ನಡದ ಕರಾವಳಿಯಲ್ಲಿ ಅವು ಮತ್ತೆ ಮತ್ತೆ ಒಂದಕ್ಕೊಂದು ತಳಕು ಹಾಕಿಕೊಳ್ಳುತ್ತವೆ, ಏಕೆಂದರೆ ಇಲ್ಲಿ ದೊಡ್ಡ ಕೆಲಸ ಕೊಡುವುದು ಬಹುಮಟ್ಟಿಗೆ ಸರಕಾರ, ಸರಕಾರಿ ಸಂಸ್ಥೆ ಅಥವಾ ಅವುಗಳ ಗುತ್ತಿಗೆದಾರ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಅರ್ಗಾ ಕಡೆ ಸೀಬರ್ಡ್ ಯೋಜನೆಯಿಂದ ಹುಟ್ಟಿ 2005ರಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಇವುಗಳ ಜೊತೆಗೆ ರಾಷ್ಟ್ರೀಯ ಹೆದ್ದಾರಿ 66, ಬಿಣಗಾದ ರಾಸಾಯನಿಕ ಕಾರ್ಖಾನೆ, ಬೈತಖೋಲದ ಮೀನುಗಾರಿಕೆ ಬಂದರು.

ಹಿನ್ನೆಲೆ

ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ತಮ್ಮ ರವೀಂದ್ರರು ಬಂದು ತಂಗಿದ್ದನ್ನು ಊರು ಇಂದಿಗೂ ನೆನೆಯುತ್ತದೆ, ಅಣ್ಣನ ನ್ಯಾಯಪೀಠವನ್ನು ಅಷ್ಟಾಗಿ ನೆನೆಯುವುದಿಲ್ಲ. ಕಾರ್ಮಿಕರ ಪರಿಹಾರ ಕಾಯಿದೆ 1923ರಲ್ಲಿ ಬಂದು 1924ರ ಜುಲೈ 1ರಂದು ಜಾರಿಯಾದಾಗ ಜಿಲ್ಲೆಯಲ್ಲಿ ಹೇಳಿಕೊಳ್ಳುವಂಥ ಕಾರ್ಖಾನೆಗಳು ಇರಲಿಲ್ಲ. ಕೆಲಸಕ್ಕಾಗಿ ಇಲ್ಲಿಯವರು ಮುಂಬಯಿಗೆ ಹೋಗುತ್ತಿದ್ದರು.

ಅಂಕೋಲಾದ ದಿನಕರ ದೇಸಾಯಿಯವರನ್ನು (1909–1982) ಕನ್ನಡಿಗರು ಚುಟುಕಗಳ ಕವಿ ಎಂದು ಬಲ್ಲರು. ಅವರು ಕಾನೂನು ಓದಿದವರು, ಭಾರತ ಸೇವಕ ಸಮಾಜದ ಸದಸ್ಯರು. ಮುಂಬಯಿಯಲ್ಲಿ ಹಡಗು ಕೆಲಸಗಾರರನ್ನು ಸಂಘಟಿಸಿದರು, ತಮ್ಮ ಜಿಲ್ಲೆಯ ಗೇಣಿದಾರರ ಪರ ಹೋರಾಡಿದರು, 1940ರಲ್ಲಿ ಭಾರತದ ನಾವಿಕ ಕಾರ್ಮಿಕರ ಸ್ಥಿತಿಗತಿ ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. ಕೋರ್ಟಿನ ಹೊರಗೆ ನಿಂತು ಕಾರ್ಮಿಕರ ವಕಾಲತ್ತು ವಹಿಸಿದ ಇಲ್ಲಿಯವರಲ್ಲಿ ಅವರ ಹೆಸರು ಮೊದಲು ಬರಬೇಕು.

ಪರಿಹಾರದ ಕಾನೂನು

1923ರ ಕಾಯಿದೆಯ ತಿರುಳು ಇಷ್ಟೇ: ಅಪಘಾತ ಉದ್ಯೋಗದ ದೆಸೆಯಿಂದ, ಉದ್ಯೋಗದ ಅವಧಿಯಲ್ಲಿ ಆಗಿದ್ದರೆ ಮಾಲೀಕನ ತಪ್ಪು ತೋರಿಸದೆಯೇ ಪರಿಹಾರ ಸಿಗಬೇಕು. ಸಾವಿಗೆ ತಿಂಗಳ ಸಂಬಳದ ಶೇ. 50ನ್ನು, ಶಾಶ್ವತ ಪೂರ್ಣ ಅಂಗವಿಕಲತೆಗೆ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2020ರ ಜನವರಿ 3ರಿಂದ 15,000 ರೂಪಾಯಿ. ಅದಕ್ಕೂ ಮೊದಲು 8,000 ಇತ್ತು. 30 ವರ್ಷದವರ ಗುಣಕ 207.98. ತಿಂಗಳಿಗೆ 22,000 ಗಳಿಸುತ್ತಿದ್ದ 30ರ ಕೆಲಸಗಾರ ಸತ್ತರೂ ಲೆಕ್ಕ ನಡೆಯುವುದು 15,000ದ ಮೇಲೆಯೇ: 7,500 ಗುಣಿಸು 207.98, ಅಂದರೆ 15,59,850 ರೂಪಾಯಿ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ ಶೇ. 30 ನಷ್ಟ, ಒಂದು ಕೈಯ ನಾಲ್ಕೂ ಬೆರಳು ಹೋದರೆ ಶೇ. 50 ಎಂದು ಅನುಸೂಚಿಯಲ್ಲಿದೆ.

ಆದರೆ ಅನುಸೂಚಿಯ ಅಂಕಿಯೇ ಕೊನೆಯ ಮಾತಲ್ಲ. ಎಡಗೈ ಕತ್ತರಿಸಬೇಕಾಗಿ ಬಂದ ಬಡಗಿಯೊಬ್ಬನ ಪ್ರಕರಣದಲ್ಲಿ (ಪ್ರತಾಪ್ ನಾರಾಯಣ್ ಸಿಂಗ್ ದೇವ್, 1976) ಸುಪ್ರೀಂ ಕೋರ್ಟು, ಒಂದೇ ಕೈಯಿಂದ ಬಡಗಿ ಕೆಲಸ ನಡೆಯದ ಕಾರಣ ಅದು ಪೂರ್ಣ ಅಂಗವಿಕಲತೆ ಎಂದಿತು. ಪರಿಹಾರದ ಹೊಣೆ ಅಪಘಾತದ ದಿನವೇ ಹುಟ್ಟುತ್ತದೆ ಎಂದೂ ಹೇಳಿತು. ಬಲೆ ಎಳೆಯುವವನ ಭುಜಕ್ಕೂ ಲಾರಿ ಚಾಲಕನ ಮೊಣಕಾಲಿಗೂ ಇದೇ ತರ್ಕ ಅನ್ವಯಿಸಬಹುದು. ವೈದ್ಯರ ಪ್ರಮಾಣಪತ್ರದಲ್ಲಿ ಅಂಗಕ್ಕೆ ಎಷ್ಟು ಊನ ಎಂಬುದರ ಜೊತೆಗೆ ದುಡಿಮೆಗೆ ಎಷ್ಟು ನಷ್ಟ ಎಂಬುದನ್ನೂ ಬರೆಸಬೇಕೆಂಬ ಅರಿವು ವಕೀಲರಿಗೆ ಇದೆಯೇ ಇಲ್ಲವೇ ಎಂಬುದರ ಮೇಲೆ ಲಕ್ಷಗಟ್ಟಲೆ ರೂಪಾಯಿ ನಿಂತಿರುತ್ತದೆ.

ಹೊಣೆ ಹುಟ್ಟಿ ಒಂದು ತಿಂಗಳೊಳಗೆ ಹಣ ಕಟ್ಟದ ಮಾಲೀಕ ಶೇ. 12 ಬಡ್ಡಿ ಕೊಡಬೇಕು. ಸಕಾರಣವಿಲ್ಲದೆ ತಡ ಮಾಡಿದ್ದರೆ ಮೊತ್ತದ ಅರ್ಧದವರೆಗೆ ದಂಡವೂ ಬೀಳಬಹುದು. ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನೂ ಹೊಣೆಗಾರನೇ, ಹಾಗಾಗಿ ಮೇಸ್ತ್ರಿ ಊರು ಬಿಟ್ಟು ಹೋದರೂ ಹಕ್ಕು ಉಳಿಯುತ್ತದೆ. ಸಾವಿನ ಪ್ರಕರಣದಲ್ಲಿ ಪರಿಹಾರದ ಹಣವನ್ನು, ಇಂಥ ಅರ್ಜಿಗಳನ್ನು ತೀರ್ಮಾನಿಸುವ ಆಯುಕ್ತರಲ್ಲಿ ಠೇವಣಿ ಇಡಬೇಕು. ಮನೆಗೆ ಬಂದು ಒಂದಿಷ್ಟು ದುಡ್ಡು ಕೊಟ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮಾಲೀಕನ ಹೊಣೆ ತೀರುವುದಿಲ್ಲ. ಹೀಗಿದ್ದೂ ಇಂಥ ರಾಜಿಗಳು ನಡೆಯುತ್ತವೆ. ಸತ್ತವನ ಹೆಂಡತಿಗೆ ಹಕ್ಕಿನ ಸುದ್ದಿ ತಲುಪುವ ಮೊದಲೇ ಕಾಗದ ತಲುಪುತ್ತದೆ. ಹಕ್ಕಿನ ತಿಳಿವಳಿಕೆಯನ್ನು ಮಾಲೀಕನೇ ಕೊಡಬೇಕೆಂದು 2017ರ ತಿದ್ದುಪಡಿ ವಿಧಿಸಿತ್ತು.

ಅರ್ಜಿಗೆ ಎರಡು ವರ್ಷಗಳ ಗಡುವು; ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು. ಅಪಘಾತವಾದ ಜಾಗದಲ್ಲಿ ಮಾತ್ರವಲ್ಲ, ಕಾರ್ಮಿಕ ಅಥವಾ ಅವನ ಅವಲಂಬಿತರು ವಾಸವಿರುವ ಊರಿನ ವ್ಯಾಪ್ತಿಯಲ್ಲೂ ಅರ್ಜಿ ಹಾಕಬಹುದು. ಗೋವೆಯಲ್ಲಿ ಬಿದ್ದು ಸತ್ತ ಅಂಕೋಲಾದವನ ಮನೆಯವರು ಗೋವೆಗೆ ಅಲೆಯಬೇಕಿಲ್ಲ. ಕರ್ನಾಟಕದಲ್ಲಿ ಹಿಂದೆ ಕಾರ್ಮಿಕ ಅಧಿಕಾರಿಗಳೇ ಆಯುಕ್ತರಾಗಿದ್ದರು; ಆಮೇಲೆ ಆ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಬಂತು. ಕಾನೂನಿನ ಗಣನೀಯ ಪ್ರಶ್ನೆ ಇದ್ದರಷ್ಟೇ ಮೇಲ್ಮನವಿ; ಅದು ಹೋಗುವುದು 2008ರಲ್ಲಿ ಸಂಚಾರಿ ಪೀಠವಾಗಿ ತೆರೆದು 2013ರಲ್ಲಿ ಕಾಯಂ ಆದ ಹೈಕೋರ್ಟಿನ ಧಾರವಾಡ ಪೀಠಕ್ಕೆ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದು 1923ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಆಯುಕ್ತರ ಜಾಗದಲ್ಲಿ ಈಗ ಸಕ್ಷಮ ಪ್ರಾಧಿಕಾರಿ. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ, ಉದ್ಯೋಗದ ನಂಟು ಕಂಡುಬಂದರೆ, ಪರಿಹಾರಕ್ಕೆ ಅರ್ಹ ಎಂದು ಸಂಹಿತೆ ಹೇಳುತ್ತದೆ. ಹಳೆಯ ಕಾಯಿದೆಗೂ ಇದೇ ಅರ್ಥವಿದೆ ಎಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ, ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಅನ್ವಯವಾಗುವುದು ಹಳೆಯ ಕಾಯಿದೆಯೋ ಸಂಹಿತೆಯೋ ಎಂಬುದನ್ನು ತಿಳಿಯಲು, ಅಪಘಾತದ ತಾರೀಖು ಯಾವುದು ಎಂಬುದೇ ಈಗ ವಕೀಲರು ಕೇಳಬೇಕಾದ ಮೊದಲ ಪ್ರಶ್ನೆ.

ಯಾವ ಬಾಗಿಲು

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಚಹಾದಂಗಡಿಯೂ ಮಣ್ಣಾದವು. ಕೇರಳದ ಚಾಲಕನೊಬ್ಬ ಲಾರಿ ಸಮೇತ ಕಣ್ಮರೆಯಾದ. ಗಂಗಾವಳಿ ನದಿಯ ತಳದಿಂದ ಲಾರಿಯನ್ನೂ ದೇಹವನ್ನೂ ಎತ್ತಿದ್ದು ಎರಡು ತಿಂಗಳಿಗೂ ಹೆಚ್ಚು ಕಾಲದ ಬಳಿಕ, ಸೆಪ್ಟೆಂಬರ್ 25ರಂದು. ಇಂಥ ಒಂದೇ ಸಾವಿನಿಂದ ಹಲವು ಹಾದಿಗಳು ತೆರೆಯುತ್ತವೆ. ಲಾರಿ ಮಾಲೀಕನ ಮೇಲೆ ಕಾರ್ಮಿಕ ಪರಿಹಾರದ ಅರ್ಜಿ ಹಾಕಬಹುದು. ವಾಹನ ಅಪಘಾತವೆಂದು ಕಾಣುವಲ್ಲಿ ಮೋಟಾರು ಅಪಘಾತ ನ್ಯಾಯಮಂಡಳಿಯನ್ನೂ ಆರಿಸಿಕೊಳ್ಳಬಹುದು, ಆದರೆ ಎರಡರಲ್ಲೂ ಒಟ್ಟಿಗೆ ಕೇಳುವಂತಿಲ್ಲ. ಮೊದಲನೆಯದರಲ್ಲಿ ತಪ್ಪು ಸಾಬೀತು ಮಾಡಬೇಕಿಲ್ಲ, ಸಂಬಳಕ್ಕೆ ಮಿತಿ ಉಂಟು. ಎರಡನೆಯದರಲ್ಲಿ ಮಿತಿ ಇಲ್ಲ, ನಿರ್ಲಕ್ಷ್ಯವನ್ನು ತೋರಿಸಬೇಕು. ಸರಕಾರ ಕೊಡುವ ವಿಪತ್ತು ಪರಿಹಾರ ಇವೆರಡಕ್ಕೂ ಹೊರತು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಮಿಕನಿಗಾದರೆ ಮಾಲೀಕನ ಮೇಲಿನ ಅರ್ಜಿಯೇ ನಿಲ್ಲದು.

ದೇಹ ಸಿಗದಿದ್ದರೆ ಕಷ್ಟ ಇಮ್ಮಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನಲ್ಲಿ ಕಾಣೆಯಾದ ಏಳು ಮೀನುಗಾರರಲ್ಲಿ ಐವರು ಉತ್ತರ ಕನ್ನಡದವರು. ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತರೆಂದು ಭಾವಿಸುವುದು ಸಾಕ್ಷ್ಯ ಕಾನೂನಿನ ಸಾಮಾನ್ಯ ನಿಯಮ. ಅಷ್ಟು ಕಾಲ ಮರಣ ಪ್ರಮಾಣಪತ್ರವೇ ಸಿಗದಿದ್ದರೆ ಅರ್ಜಿ ಹಾಕುವುದು ಹೇಗೆ? ಇಲ್ಲಿ ಪರಿಹಾರದ ಕೆಲಸ ಆಡಳಿತ ಕಾನೂನಿನ ಕೆಲಸವಾಗಿಬಿಡುತ್ತದೆ: ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಮನವಿ ಕೊಡುವುದು, ಲಿಖಿತ ಹಿಂಬರಹ ಪಡೆಯುವುದು, ಅದೂ ಬಾರದಿದ್ದರೆ ರಿಟ್ ಅರ್ಜಿ. ಹಡಗಿನಿಂದ ಕಾಣೆಯಾದ ಖಲಾಸಿಯೊಬ್ಬನ ಅವಲಂಬಿತರು 1969ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು (ಮೆಕಿನನ್ ಮೆಕೆಂಜಿ ಪ್ರಕರಣ). ಸಾವು ಉದ್ಯೋಗದ ದೆಸೆಯಿಂದಲೇ ಆಯಿತೆನ್ನಲು ಆಧಾರವಿಲ್ಲ ಎಂಬುದು ಕಾರಣ. ಕಡಲಿಗಿಳಿಯುವವರ ಮಟ್ಟಿಗೆ ಕಠೋರವಾದ ತೀರ್ಪು ಅದು. ಬೋಟಿನಲ್ಲಿ ಯಾರಿದ್ದರು, ಬೋಟು ನಡೆಸುತ್ತಿದ್ದ ತಾಂಡೇಲ ಯಾರು, ಯಾವ ಹೊತ್ತಿಗೆ ಯಾರು ಕೊನೆಯ ಸಲ ಕಂಡರು ಎಂಬ ಹೇಳಿಕೆಗಳನ್ನು ಬಿಸಿಯಿರುವಾಗಲೇ ಪೊಲೀಸರಲ್ಲಿ ದಾಖಲಿಸುವುದು ಇದರಿಂದಲೇ ಮುಖ್ಯ.

ಸೇವಾ ವಿವಾದಗಳ ಹಾದಿ ಬೇರೆ. ರಾಜ್ಯ ಸರಕಾರಿ ನೌಕರರಿಗೆ ಕರ್ನಾಟಕ ಆಡಳಿತ ನ್ಯಾಯಮಂಡಳಿ (1986, ಬೆಳಗಾವಿಯಲ್ಲೂ ಪೀಠವಿದೆ), ನೌಕಾನೆಲೆಯ ನಾಗರಿಕ ನೌಕರರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠ. ಸಾಮಾನ್ಯವಾಗಿ ಆದೇಶದಿಂದ ಒಂದು ವರ್ಷದೊಳಗೆ ಹೋಗಬೇಕು. ಸಾರಿಗೆ ಸಂಸ್ಥೆಯ ಚಾಲಕ, ನಿರ್ವಾಹಕರ ವಜಾ ಪ್ರಕರಣ ಕಾರ್ಮಿಕ ನ್ಯಾಯಾಲಯದ್ದು. ಜಮೀನಿನ ವಿವಾದಗಳದ್ದು ಮತ್ತೊಂದು ಹಾದಿ: ಸೀಬರ್ಡ್‌ಗೆ ಜಮೀನು ಕೊಟ್ಟವರ ಹೆಚ್ಚುವರಿ ಪರಿಹಾರದ ಹೋರಾಟ ದಶಕಗಳ ಕಾಲ ನಡೆಯಿತು. ಹಳೆಯ ಭೂಸ್ವಾಧೀನ ಕಾಯಿದೆಯ 28-ಎ ಕಲಮಿನಂತೆ, ನೆರೆಯವನಿಗೆ ಕೋರ್ಟು ಹೆಚ್ಚು ದರ ಕೊಟ್ಟ ಮೂರು ತಿಂಗಳೊಳಗೆ ಅರ್ಜಿ ಹಾಕಿದವನಿಗಷ್ಟೇ ಆ ದರದ ಹಕ್ಕು.

ವಕೀಲರ ಆಯ್ಕೆ

ಕಾರ್ಮಿಕ ಪರಿಹಾರದ ‘ತಜ್ಞ ವಕೀಲ’ ಎಂದು ಪ್ರಮಾಣಪತ್ರ ಕೊಡುವ ಪದ್ಧತಿ ಭಾರತದಲ್ಲಿಲ್ಲ. ವಕೀಲರ ಪರಿಷತ್ತಿನ ನಿಯಮದಂತೆ ವಕೀಲರು ಜಾಹೀರಾತು ಕೊಡುವಂತಿಲ್ಲ. ಗೆದ್ದ ಹಣದಲ್ಲಿ ಇಷ್ಟು ಪಾಲು ಎಂದು ಶುಲ್ಕ ಒಪ್ಪಿಕೊಳ್ಳುವಂತೆಯೂ ಇಲ್ಲ. ಶೇಕಡಾ ಲೆಕ್ಕದಲ್ಲಿ ಮಾತಿಗಿಳಿಯುವವರಿಂದ, ಆಸ್ಪತ್ರೆಯ ವರಾಂಡದಲ್ಲೇ ವಕಾಲತ್ತು ನಾಮೆಗೆ ಸಹಿ ಕೇಳುವ ದಲ್ಲಾಳಿಗಳಿಂದ ದೂರವಿರುವುದು ಲೇಸು. ಅನುಭವವನ್ನು ಅಳೆಯಲು ವರ್ಷಗಳ ಎಣಿಕೆಗಿಂತ ಪ್ರಶ್ನೆಗಳೇ ಮೇಲು. ವಿಮಾ ಪಾಲಿಸಿಯ ಪ್ರತಿ ಕೇಳಿದರೇ? ಹಾಜರಿ ಪುಸ್ತಕ, ಸಂಬಳ ಚೀಟಿ ಇಲ್ಲದಿದ್ದರೆ ಜೊತೆಗೆ ದುಡಿದವರ ಸಾಕ್ಷ್ಯ ಹುಡುಕಿದರೇ? ಗುತ್ತಿಗೆದಾರನ ಜೊತೆ ಮೂಲ ಮಾಲೀಕನನ್ನೂ ಪಕ್ಷಗಾರನಾಗಿ ಸೇರಿಸಿದರೇ? ಧಾರವಾಡದಲ್ಲಿ ಮೇಲ್ಮನವಿ ನಡೆಸುವವರು ಯಾರು ಎಂದು ಮೊದಲೇ ಹೇಳಿದರೇ? ಕಾರವಾರಕ್ಕೂ ಅಂಕೋಲಾಕ್ಕೂ ಸುಮಾರು 35 ಕಿಲೋಮೀಟರಿನ ಅಂತರ ಅಷ್ಟೇ. ಮೇಲ್ಮನವಿ ಮಾತ್ರ ಘಟ್ಟ ಹತ್ತಬೇಕು.

ವಕೀಲರು ಕಡ್ಡಾಯವೂ ಅಲ್ಲ. 1923ರ ಕಾಯಿದೆಯ 24ನೇ ಕಲಮು ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಗೂ, ಲಿಖಿತ ಅಧಿಕಾರ ಪಡೆದು, ಕಾರ್ಮಿಕನ ಪರ ಹಾಜರಾಗಲು ಅವಕಾಶ ಕೊಟ್ಟಿತ್ತು. ಹಣವಿಲ್ಲದವರಿಗೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲೂಕು ಮಟ್ಟದಲ್ಲಿ ಸಮಿತಿಗಳಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನೆರೆ ಮತ್ತು ಸಾಮೂಹಿಕ ವಿಪತ್ತಿನ ಸಂತ್ರಸ್ತರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ಸಹಾಯವಾಣಿಯ ಸಂಖ್ಯೆ 15100.