ತೇಯ್ದ ಗಂಧ, ಬಟ್ಟಿ ಇಳಿಸಿದ ಎಣ್ಣೆ

ಶ್ರೀಗಂಧದ ಎಣ್ಣೆಯನ್ನು ಮಾರುವವರು ಆಯುರ್ವೇದದ ಹೆಸರೆತ್ತದೆ ಇರುವುದಿಲ್ಲ. ಆದರೆ ನಮ್ಮ ವೈದ್ಯಪರಂಪರೆ ಹೆಚ್ಚಾಗಿ ಬಳಸಿದ್ದು ಎಣ್ಣೆಯನ್ನಲ್ಲ, ಕೊರಡನ್ನು. ಚರಕಸಂಹಿತೆ ಚಂದನವನ್ನು ಉರಿ ತಣಿಸುವ ದಾಹಪ್ರಶಮನ ಗಣದಲ್ಲೂ ತುರಿಕೆ ಕಳೆಯುವ ಕಂಡೂಘ್ನ ಗಣದಲ್ಲೂ ಸೇರಿಸಿದೆ. ಬೇಸಿಗೆಯ ಬೆವರುಸಾಲೆಗೆ, ತಲೆನೋವಿಗೆ ಸಾಣೆಕಲ್ಲಿನ ಮೇಲೆ ತೇಯ್ದು ಹಚ್ಚುತ್ತಿದ್ದುದು ಅದೇ ಗಂಧ. ಉರಿಮೂತ್ರಕ್ಕೆ ಕೊಡುವ ಚಂದನಾಸವ ಹುದುಗು ಬರಿಸಿದ ಔಷಧ. ಚಂದನಾದಿ ತೈಲವೂ ಎಳ್ಳೆಣ್ಣೆಯಲ್ಲಿ ಮೂಲಿಕೆಗಳನ್ನು ಕುದಿಸಿ ಪಾಕ ಮಾಡಿದ್ದು. ಬಟ್ಟಿ ಇಳಿಸಿದ ಗಂಧದೆಣ್ಣೆ ಬಹುಕಾಲ ಉತ್ತರ ಪ್ರದೇಶದ ಕನೌಜಿನ ಅತ್ತರಿನವರ ಸರಕಾಗಿತ್ತು.

ಈ ಎಣ್ಣೆಗೆ ಔಷಧವಾಗಿ ದೊಡ್ಡ ಹೆಸರು ಬಂದದ್ದು ಯೂರೋಪಿನಲ್ಲಿ, ಅದೂ ಯಾರೂ ಬಾಯಿಬಿಟ್ಟು ಹೇಳಿಕೊಳ್ಳದ ಕಾಯಿಲೆಗೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಗೊನೊರಿಯಾ ರೋಗಿಗಳಿಗೆ ಇದನ್ನು ಕ್ಯಾಪ್ಸೂಲುಗಳಲ್ಲಿ ತುಂಬಿ ಕೊಡುತ್ತಿದ್ದರು. ಪ್ಯಾರಿಸ್ಸಿನ ‘ಸ್ಯಾಂಟಾಲ್ ಮಿಡಿ’ ಅವುಗಳಲ್ಲಿ ಹೆಸರುವಾಸಿ. ಮೈಸೂರಿನ ಮರ ಹರಾಜಾಗಿ ಹಡಗು ಹತ್ತುತ್ತಿತ್ತು, ಎಣ್ಣೆ ಜರ್ಮನಿಯಲ್ಲಿ ಇಳಿಯುತ್ತಿತ್ತು. 1914ರ ಯುದ್ಧ ಆ ದಾರಿಯನ್ನು ಮುಚ್ಚಿತು. ಮೈಸೂರು ಸರ್ಕಾರದ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಎಣ್ಣೆಯನ್ನು ಇಲ್ಲೇ ತೆಗೆಸಲು ಹೊರಟರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ) ರಸಾಯನವಿಜ್ಞಾನಿಗಳಾದ ಸಡ್‌ಬರೊ ಮತ್ತು ವಾಟ್ಸನ್ ವಿಧಾನ ಹುಡುಕಿಕೊಟ್ಟರು. 1916ರಿಂದ ಸರ್ಕಾರಿ ಕಾರ್ಖಾನೆಯಲ್ಲೇ ಎಣ್ಣೆ ತಯಾರಾಗತೊಡಗಿತು, ಅದರ ಬೆನ್ನಿಗೇ ಸೋಪೂ ಬಂತು. ಆಮೇಲೆ 1930ರ ದಶಕದಲ್ಲಿ ಸಲ್ಫಾ ಮಾತ್ರೆಗಳು, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ಎಣ್ಣೆಯ ಕ್ಯಾಪ್ಸೂಲು ಕೇಳುವವರಿಲ್ಲವಾಯಿತು. ಸೋಪಿನಲ್ಲಿ ಬೆರೆತ ಎಣ್ಣೆಯನ್ನು ಬಚ್ಚಲಮನೆ ಮಾತ್ರ ಕೈಬಿಡಲಿಲ್ಲ.

ಈಗಿನ ಸಂಶೋಧನೆ ಹೆಚ್ಚಾಗಿ ಸುತ್ತುವುದು ಈ ಎಣ್ಣೆಯ ಮುಖ್ಯ ಘಟಕಗಳಾದ ಸ್ಯಾಂಟಾಲಾಲ್‌ಗಳ ಸುತ್ತ. ಅಂತಾರಾಷ್ಟ್ರೀಯ ಮಾನಕದ ಪ್ರಕಾರ ಒಳ್ಳೆಯ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಾಲಾಲ್ ಶೇ. 41ರಿಂದ 55, ಬೀಟಾ ಶೇ. 16ರಿಂದ 24 ಇರಬೇಕು. ಅಮೆರಿಕದ ಸೌತ್ ಡಕೋಟದಲ್ಲಿ ಚಂದ್ರಧರ ದ್ವಿವೇದಿ ತಂಡ 1997ರಲ್ಲಿ ಇಲಿಗಳ ಚರ್ಮದ ಗಂಟುಗಳನ್ನು ಈ ಎಣ್ಣೆ ಕಡಿಮೆ ಮಾಡಿತೆಂದು ವರದಿ ಮಾಡಿತು. ‘ಗಂಧದಿಂದ ಕ್ಯಾನ್ಸರ್ ಗುಣ’ ಎಂದು ವಾಟ್ಸ್ಯಾಪಿನಲ್ಲಿ ಓಡಾಡುವ ಮಾತಿಗೆ ಇಷ್ಟು ಆಧಾರ ಸಾಲದು: ಅದು ಇಲಿಯ ಚರ್ಮ, ಅದೂ ಪ್ರಯೋಗಶಾಲೆಯಲ್ಲಿ. 2014ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಹಾನ್ಸ್ ಹಾಟ್ ತಂಡ ಮಾಡಿದ ಶೋಧ ಇನ್ನೂ ಸೋಜಿಗದ್ದು. ಮೂಗಿನಲ್ಲಿರುವಂಥದೇ ವಾಸನೆಯ ಗ್ರಾಹಕವೊಂದು ಚರ್ಮದ ಕೋಶಗಳಲ್ಲೂ ಇದೆ, ಗಂಧದ ವಾಸನೆಯ ಅಣು ತಾಗಿದರೆ ಕೋಶಗಳು ಬೇಗ ಬೆಳೆದು ಗಾಯ ಮುಚ್ಚಲು ನೆರವಾಗುತ್ತವೆ ಎಂದು ಅವರು ತೋರಿಸಿದರು. ಸುದ್ದಿ ನಮ್ಮ ಪತ್ರಿಕೆಗಳನ್ನೂ ಮುಟ್ಟಿತು. ಆ ಅಣು ಸ್ಯಾಂಡಲೋರ್ ಎಂಬ ಕೃತಕ ಸುಗಂಧ, ಮರದಿಂದ ಬಂದದ್ದಲ್ಲ ಎಂಬ ಸಂಗತಿ ಅಷ್ಟಾಗಿ ಮುಟ್ಟಲಿಲ್ಲ.

ಮನುಷ್ಯರ ಮೇಲಿನ ಪರೀಕ್ಷೆಗಳು ಮೊಡವೆ, ಇಸುಬು, ನರುಲಿಗಳಂಥ ಚರ್ಮದ ತೊಂದರೆಗಳಿಗೆ ನಡೆದಿವೆ. ಅವು ಸಣ್ಣವು, ಕೆಲವದರಲ್ಲಿ ಸ್ಯಾಲಿಸಿಲಿಕ್ ಆಮ್ಲವೂ ಬೆರೆತಿದ್ದರಿಂದ ಯಾವುದರ ಗುಣ ಎಷ್ಟು ಎಂದು ಬಿಡಿಸಿ ಹೇಳಲಾಗದು. ನೇರವಾಗಿ ಹಚ್ಚಿದರೆ ಕೆಲವರಿಗೆ ಅಲರ್ಜಿಯಾಗುವುದೂ ಗೊತ್ತಿರುವ ವಿಷಯವೇ.

ಇನ್ನು ಎಣ್ಣೆ ಎಲ್ಲಿಂದ? ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯ ತನಕ ಕರ್ನಾಟಕದ ರೈತನ ಹೊಲದಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ನೆಡುವ ಉಮೇದು ಯಾರಿಗಿದ್ದೀತು? ಕಾಡಿನ ಮರ ಕಳ್ಳರ ಪಾಲಾಯಿತು. ಅಷ್ಟರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುನುನರ್ರಾದಲ್ಲಿ ನಮ್ಮದೇ ಜಾತಿಯ ಶ್ರೀಗಂಧದ ತೋಟಗಳು ಎದ್ದಿದ್ದವು. ಆ ತೋಟಗಳ ಕಂಪನಿ ಮುಂದೆ ಚರ್ಮೌಷಧ ಪರೀಕ್ಷೆ ನಡೆಸುತ್ತಿದ್ದ ಅಮೆರಿಕದ ಸಂಸ್ಥೆಯನ್ನೂ ಕೊಂಡುಕೊಂಡಿತು.