ಋತುಬಂಧದ ನಂತರದ ಯೋನಿ ಶುಷ್ಕತೆ: ಮಹಿಳೆಯರಿಗೆ ಮಾಹಿತಿ

ಸತತವಾಗಿ 12 ತಿಂಗಳ ಕಾಲ ಮುಟ್ಟಾಗದಿದ್ದಲ್ಲಿ ಅದನ್ನು ಋತುಬಂಧವೆಂದು ಪರಿಗಣಿಸಲಾಗುತ್ತದೆ. ಇದು ಸಾಮಾನ್ಯವಾಗಿ 45 ರಿಂದ 55 ವರ್ಷ ವಯಸ್ಸಿನೊಳಗೆ ಕಂಡುಬರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯಗಳನ್ನು ತೆಗೆದಿದ್ದಲ್ಲಿ ಅದಕ್ಕೂ ಮುಂಚೆಯೇ ಉಂಟಾಗುತ್ತದೆ. ಮೈ ಬಿಸಿಯೇರುವ ತೊಂದರೆಯು ಬಹುತೇಕ ಮಹಿಳೆಯರಲ್ಲಿ ಕಾಲಕ್ರಮೇಣ ಕಡಿಮೆಯಾಗುತ್ತದೆ. ಆದರೆ ಯೋನಿ ಶುಷ್ಕತೆಯು ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುವುದಿಲ್ಲ. ಸಂಕೋಚದಿಂದ ಅನೇಕ ಮಹಿಳೆಯರು ಇದನ್ನು ವೈದ್ಯರಿಗೆ ತಿಳಿಸುವುದಿಲ್ಲ. ಇದಕ್ಕೆ ಸರಳ ಹಾಗೂ ಪರಿಣಾಮಕಾರಿ ಚಿಕಿತ್ಸೆ ಲಭ್ಯವಿದೆ.

1. ಕಾರಣ
ಈಸ್ಟ್ರೋಜೆನ್ ಹಾರ್ಮೋನಿನ ಪ್ರಮಾಣ ಕಡಿಮೆಯಾದಾಗ ಯೋನಿಯ ಒಳಪದರವು ತೆಳುವಾಗಿ, ತೇವಾಂಶ ಮತ್ತು ಹಿಗ್ಗುವ ಗುಣ ಕುಗ್ಗುತ್ತವೆ. ರಕ್ಷಣೆ ನೀಡುವ ಆಮ್ಲೀಯತೆಯೂ ಕಡಿಮೆಯಾಗುವುದರಿಂದ ಸೋಂಕಿನ ಸಂಭವ ಹೆಚ್ಚುತ್ತದೆ.

2. ಲಕ್ಷಣಗಳು
ಉರಿ, ತುರಿಕೆ, ಲೈಂಗಿಕ ಸಂಪರ್ಕದ ವೇಳೆ ನೋವು, ಪದೇ ಪದೇ ಮೂತ್ರ ವಿಸರ್ಜನೆ ಹಾಗೂ ಮರುಕಳಿಸುವ ಮೂತ್ರದ ಸೋಂಕು. ಈ ನೋವು ದೈಹಿಕ ಕಾರಣದಿಂದ ಉಂಟಾಗುವುದೇ ಹೊರತು ಪತ್ನಿಯ ನಿರಾಸಕ್ತಿಯಿಂದಲ್ಲ ಎಂಬುದನ್ನು ಪತಿಯೂ ಅರಿತಿರುವುದು ಅವಶ್ಯಕ.

3. ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು
ಅ) ಸೋಪು, ಡೆಟಾಲ್‌ನಂತಹ ಕ್ರಿಮಿನಾಶಕ ಅಥವಾ ಸುಗಂಧಯುಕ್ತ ದ್ರವಗಳಿಂದ ಯೋನಿಯ ಒಳಭಾಗವನ್ನು ತೊಳೆಯಬಾರದು. ಹೊರಭಾಗವನ್ನು ನೀರಿನಿಂದ ಶುಚಿಗೊಳಿಸಿದರೆ ಸಾಕು.
ಆ) ಹತ್ತಿಯ ಒಳ ಉಡುಪು ಧರಿಸುವುದು ಸೂಕ್ತ.
ಇ) ಲೈಂಗಿಕ ಸಂಪರ್ಕದ ವೇಳೆ ನೀರು ಆಧಾರಿತ ಜಾರುಕ ಜೆಲ್ ಬಳಸಬಹುದು. ಕಾಂಡೋಮ್ ಬಳಸುವವರು ಎಣ್ಣೆಯನ್ನು ಉಪಯೋಗಿಸಬಾರದು. ಎಣ್ಣೆಯಿಂದ ಅದರ ರಬ್ಬರು ಹರಿಯುವ ಸಂಭವವಿದೆ.
ಈ) ಪ್ರತಿದಿನದ ಶುಷ್ಕತೆಗೆ ಯೋನಿಯಲ್ಲಿ ಬಳಸುವ ತೇವಕಾರಕ ಜೆಲ್ಲನ್ನು 2-3 ದಿನಗಳಿಗೊಮ್ಮೆ ಹಚ್ಚಬಹುದು. ಇವೆರಡರಲ್ಲಿಯೂ ಹಾರ್ಮೋನು ಇರುವುದಿಲ್ಲ.
ಉ) ತುರಿಕೆಗೆಂದು ಔಷಧಿ ಅಂಗಡಿಯಿಂದ ಸ್ವತಃ ಮುಲಾಮು ತಂದು ಹಚ್ಚಬಾರದು.

4. ವೈದ್ಯಕೀಯ ಚಿಕಿತ್ಸೆ
ಮೇಲ್ಕಂಡ ಕ್ರಮಗಳಿಂದ ಗುಣ ಕಾಣದಿದ್ದಲ್ಲಿ ವೈದ್ಯರು ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮ್ ಅಥವಾ ಯೋನಿಯಲ್ಲಿ ಇಡುವ ಮಾತ್ರೆಯನ್ನು ಸೂಚಿಸುತ್ತಾರೆ. ಸಾಮಾನ್ಯವಾಗಿ ಮೊದಲ 2 ವಾರ ಪ್ರತಿದಿನ, ನಂತರ ವಾರಕ್ಕೆ 2 ಬಾರಿ ಬಳಸಬೇಕಾಗುತ್ತದೆ. ಪೂರ್ಣ ಪರಿಣಾಮಕ್ಕೆ ಕೆಲವು ವಾರಗಳು ಬೇಕಾಗುವುದರಿಂದ ಮಧ್ಯದಲ್ಲಿ ನಿಲ್ಲಿಸಬಾರದು. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು ಕ್ಯಾನ್ಸರ್ ತಜ್ಞರ ಸಲಹೆಯಿಲ್ಲದೆ ಇದನ್ನು ಬಳಸತಕ್ಕದ್ದಲ್ಲ.

5. ಎಲ್ಲಿ ಸಂಪರ್ಕಿಸಬೇಕು
ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಅಗತ್ಯವಿದ್ದಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿಸಲಾಗುತ್ತದೆ. ನೇರವಾಗಿ ಹೇಳಲು ಸಂಕೋಚವಿದ್ದಲ್ಲಿ ಆಶಾ ಕಾರ್ಯಕರ್ತೆಯ ನೆರವು ಪಡೆಯಬಹುದು. ಮಹಿಳಾ ವೈದ್ಯರಿಂದ ಅಥವಾ ಮಹಿಳಾ ಸಿಬ್ಬಂದಿಯ ಸಮ್ಮುಖದಲ್ಲಿ ಪರೀಕ್ಷೆ ನಡೆಸುವಂತೆ ಕೋರಬಹುದು. ಕೊನೆಯ ಮುಟ್ಟಿನ ದಿನಾಂಕ, ಹಿಂದಿನ ಶಸ್ತ್ರಚಿಕಿತ್ಸೆಗಳ ದಾಖಲೆ ಹಾಗೂ ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನು ತರುವುದು.

ವಿಶೇಷ ಸೂಚನೆ: ಋತುಬಂಧದ ನಂತರ ಒಂದೇ ಬಾರಿ, ಅಲ್ಪ ಪ್ರಮಾಣದಲ್ಲಿ ರಕ್ತಸ್ರಾವವಾದರೂ ಅದನ್ನು ಶುಷ್ಕತೆಯಿಂದಾದುದೆಂದು ಭಾವಿಸಿ ನಿರ್ಲಕ್ಷಿಸಬಾರದು. ಇದು ಗರ್ಭಕೋಶದ ಅಥವಾ ಗರ್ಭಕೊರಳಿನ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದಾದ್ದರಿಂದ ವಿಳಂಬವಿಲ್ಲದೆ ಸ್ತ್ರೀರೋಗ ತಜ್ಞರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.